ಹಳೆಯ ಲಾರಿಗೆ ಹೊಸ ಪಾಟಾ: ಕೊಳ್ಳುವ ಮೊದಲು ಅಳೆಯಿರಿ, ತೂಗಿರಿ

ಹದಿನೈದು ವರ್ಷ ದಾಟಿದ ಟಾಟಾ 1613 ಲಾರಿಯ ಹಿಂದಿನ ಪಾಟಾ, ಅಂದರೆ ಲಾರಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು, ಮುರಿದಾಗ ಮಾಲೀಕರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೆಂದರೆ, ಬಿಡಿಭಾಗದ ಅಂಗಡಿಗೆ ಫೋನ್ ಮಾಡಿ ‘1613ರ ಹಿಂದಿನ ಮೇನ್ ಪಟ್ಟಿ ಇದೆಯಾ?’ ಎಂದು ಕೇಳುವುದು. ಎಡವಟ್ಟು ಶುರುವಾಗುವುದು ಅಲ್ಲಿಂದಲೇ. 1613 ಎಂಬ ಸಂಖ್ಯೆ ಹದಿನಾರು ಟನ್ ಒಟ್ಟು ತೂಕವನ್ನೂ ಸುಮಾರು 130 ಅಶ್ವಶಕ್ತಿಯನ್ನೂ ಸೂಚಿಸುತ್ತದೆಯೇ ಹೊರತು ಅದರ ಕೆಳಗೆ ಎಷ್ಟು ಪಟ್ಟಿಗಳಿವೆ, ಎಷ್ಟು ದಪ್ಪದವು ಎಂಬುದನ್ನಲ್ಲ. ಒಂದೇ ಹೆಸರಿನ ಲಾರಿ ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಉದ್ದದ ಚಾಸಿಯಲ್ಲಿ, ಸರಕು ಸಾಗಣೆಗೆಂದೂ ಟಿಪ್ಪರ್ ಎಂದೂ ಬಂದಿರುತ್ತದೆ. ಅದಲ್ಲದೆ ನಿಮಗಿಂತ ಹಿಂದಿನ ಮಾಲೀಕರು ಏನನ್ನು ಬಿಚ್ಚಿ ಏನನ್ನು ಹಾಕಿಸಿದ್ದರೋ ಯಾರಿಗೆ ಗೊತ್ತು? ಹೆಸರು ಹೇಳಿ ಸೆಟ್ ತರಿಸಿಕೊಂಡು, ಪಟ್ಟಿಯ ತುದಿಯನ್ನು ಸುತ್ತಿ ಮಾಡಿದ ಕಣ್ಣಿನ ರಂಧ್ರಕ್ಕೆ ಬುಷ್ (ಪಿನ್ ಕೂರುವ ಒಳಕೊಳವೆ) ಕೂರದೆ ಎರಡು ದಿನ ಗ್ಯಾರೇಜಿನಲ್ಲಿ ಲಾರಿ ನಿಲ್ಲಿಸಿಕೊಂಡ ಅನುಭವ ಈ ಲೇಖಕನಿಗೂ ಇದೆ.

ಉತ್ತರ ಕರ್ನಾಟಕದಲ್ಲಿ ಪಾಟಾ, ಬೇರೆಡೆ ಬ್ಲೇಡ್ ಅಥವಾ ಕಮಾನು ಎಂದು ಕರೆಸಿಕೊಳ್ಳುವ ಲೀಫ್ ಸ್ಪ್ರಿಂಗ್, ಅದನ್ನು ಹಿಡಿದಿರುವ ಬೋಲ್ಟ್‌ಗಳು, ಬುಷ್‌ಗಳು ಮತ್ತು ಶಾಕ್ ಅಬ್ಸಾರ್ಬರ್ ಇವುಗಳನ್ನು ಆರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆ ಎರಡು ಆಕ್ಸಲ್‌ಗಳ ಹಳೆಯ ಲಾರಿಯದ್ದಾದರೂ ವಿಧಾನ ಇತರ ಲಾರಿಗಳಿಗೂ ಅನ್ವಯಿಸುತ್ತದೆ.

ಮೊದಲು ಮುರಿದ ಜಾಗವನ್ನು ನೋಡಿ

ಮುರಿದ ಪಟ್ಟಿಯನ್ನು ಗುಜರಿಗೆ ಹಾಕುವ ಮುನ್ನ ಅದರ ಮುರಿತವನ್ನು ಬೆಳಕಿನಲ್ಲಿ ನೋಡಬೇಕು. ಮುರಿದ ಮುಖದ ಒಂದು ಭಾಗ ಕಪ್ಪಾಗಿ ಅಥವಾ ತುಕ್ಕು ಹಿಡಿದು, ಉಳಿದ ಭಾಗ ಬೆಳ್ಳಗೆ ಹರಳುಹರಳಾಗಿ ಕಂಡರೆ, ಕಪ್ಪು ಭಾಗದಲ್ಲಿ ಬಿರುಕು ಎಷ್ಟೋ ದಿನಗಳಿಂದ ಇತ್ತು, ಬಿಳಿ ಭಾಗ ಮಾತ್ರ ಕೊನೆಯ ಗುಂಡಿಯಲ್ಲಿ ಮುರಿಯಿತು ಎಂದರ್ಥ. ಅಂಥ ಮುರಿತಕ್ಕೆ ಆ ದಿನದ ಚಾಲಕರನ್ನು ಬೈದು ಪ್ರಯೋಜನವಿಲ್ಲ.

ಪಟ್ಟಿಗಳನ್ನು ನಡುವೆ ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟ್‌ನ ರಂಧ್ರದಲ್ಲಿಯೇ ಪಟ್ಟಿ ಮುರಿದಿದ್ದರೆ, ಸೆಟ್ಟನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಸಡಿಲವಾಗಿತ್ತೆಂದು ಬಹುಮಟ್ಟಿಗೆ ಹೇಳಬಹುದು. ಯು ಬೋಲ್ಟ್‌ಗಳು ಬಿಗಿಯಾಗಿದ್ದಾಗ ಅವುಗಳ ನಡುವಿನ ಭಾಗ ಹೆಚ್ಚು ಬಾಗುವುದಿಲ್ಲ. ಸಡಿಲವಾದಾಗ ಬಾಗುವಿಕೆಯೆಲ್ಲ ಅತ್ಯಂತ ದುರ್ಬಲವಾದ ಆ ರಂಧ್ರದ ಬಳಿಗೆ ಬರುತ್ತದೆ. ಪಟ್ಟಿಯ ಕಣ್ಣಿನ ಬಳಿ ಮುರಿದಿದ್ದರೆ ಬುಷ್‌ಗೆ ಗ್ರೀಸ್ ಹೋಗದೆ ಪಿನ್ ಹಿಡಿದುಕೊಂಡಿತ್ತೇ, ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಆಡುವ ಕೊಂಡಿ) ಸರಾಗವಾಗಿ ಆಡುತ್ತಿತ್ತೇ ಎಂದು ನೋಡಬೇಕು. ಇವೆರಡರ ನಡುವೆ, ಅದರಲ್ಲೂ ಒಂದಕ್ಕಿಂತ ಹೆಚ್ಚು ಪಟ್ಟಿಗಳು ಮುರಿದಿದ್ದರೆ, ಅತಿಭಾರ ಅಥವಾ ಪಟ್ಟಿಯ ಮೇಲ್ಮೈಗೆ ಆದ ಗಾಯ ಕಾರಣವಾಗಿರುವ ಸಂಭವ ಹೆಚ್ಚು. ಭಾರ ಬಿದ್ದಾಗ ಪಟ್ಟಿಯ ಮೇಲ್ಮುಖ ಹಿಗ್ಗುತ್ತದೆ, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಆದ್ದರಿಂದ ಆ ಮುಖದ ಮೇಲೆ ಬಿದ್ದ ವೆಲ್ಡಿಂಗ್ ಕಿಡಿಯ ಕಲೆ, ಗ್ರೈಂಡರ್ ಗೆರೆ, ಸುತ್ತಿಗೆಯ ಏಟು ಇವೆಲ್ಲ ಮುಂದಿನ ಮುರಿತಕ್ಕೆ ಬೀಜ.

ಕಾರಣ ತಿಳಿಯದೆ ಎಷ್ಟೇ ಒಳ್ಳೆಯ ಪಟ್ಟಿ ಹಾಕಿದರೂ ಅದು ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಯು ಬೋಲ್ಟ್ ಸಡಿಲವಾಗಿದ್ದಕ್ಕೆ ಮುರಿದ ಪಟ್ಟಿಯ ಜಾಗಕ್ಕೆ ಇನ್ನೂ ದಪ್ಪನೆಯ ಪಟ್ಟಿ ಹಾಕಿಸುವವರನ್ನು ಹೆದ್ದಾರಿ ಬದಿಯ ಯಾವ ಗ್ಯಾರೇಜಿನಲ್ಲಿಯಾದರೂ ಕಾಣಬಹುದು.

ಅಳತೆಯ ಚೀಟಿ

ಲಾರಿಯನ್ನು ಖಾಲಿ ಮಾಡಿ, ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಟೈರ್‌ಗಳ ಗಾಳಿ ಸರಿಯಾಗಿದೆಯೇ ನೋಡಿಕೊಂಡು, ಎರಡೂ ಬದಿಯಲ್ಲಿ ಆಕ್ಸಲ್‌ನಿಂದ ಚಾಸಿಯವರೆಗಿನ ಎತ್ತರವನ್ನು ಅಳೆದು ಬರೆದುಕೊಳ್ಳಿ. ಮುರಿಯದ ಬದಿಯೂ ಕುಸಿದಿದೆಯೇ ಎಂಬುದು ಇದರಿಂದ ತಿಳಿಯುತ್ತದೆ. ಬಳಿಕ ಸೆಟ್ ಬಿಚ್ಚಿಸಿ ಪಟ್ಟಿಗಳ ಸಂಖ್ಯೆ, ಅಗಲ, ಪ್ರತಿಯೊಂದರ ದಪ್ಪ, ಕಣ್ಣಿನ ಒಳವ್ಯಾಸ, ಸೆಂಟರ್ ಬೋಲ್ಟ್‌ನಿಂದ ಮುಂದಿನ ಕಣ್ಣಿಗೂ ಹಿಂದಿನ ಕಣ್ಣಿಗೂ ಇರುವ ಉದ್ದವನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಈ ಎರಡು ಅರ್ಧಗಳು ಸಮವಾಗಿಯೇ ಇರಬೇಕೆಂದಿಲ್ಲ. ಒಟ್ಟು ಉದ್ದವನ್ನಷ್ಟೇ ಹಿಡಿದು ಅಂಗಡಿಗೆ ಹೋದವರು ಆಕ್ಸಲ್ ಹಿಂದೆ ಮುಂದೆ ಸರಿದ ಲಾರಿಯನ್ನು ಓಡಿಸಬೇಕಾಗುತ್ತದೆ.

ದಪ್ಪವನ್ನು ಟೇಪಿನಿಂದ ಅಳೆಯದೆ ವರ್ನಿಯರ್ ಕ್ಯಾಲಿಪರ್‌ನಿಂದಲೇ ಅಳೆಯಬೇಕು, ಏಕೆಂದರೆ ಪಟ್ಟಿಯ ಗಡಸುತನ, ಅಂದರೆ ಬಾಗುವಿಕೆಯನ್ನು ತಡೆಯುವ ಗುಣ, ದಪ್ಪದ ಘನಕ್ಕೆ ಅನುಗುಣವಾಗಿ ಬದಲಾಗುತ್ತದೆ. 12 ಮಿ.ಮೀ. ಬದಲಿಗೆ 13 ಮಿ.ಮೀ. ಪಟ್ಟಿ ಹಾಕಿದರೆ ಅದು ಸುಮಾರು ಶೇ 27ರಷ್ಟು ಹೆಚ್ಚು ಗಡುಸಾಗುತ್ತದೆ, 11 ಮಿ.ಮೀ. ಹಾಕಿದರೆ ಸುಮಾರು ಶೇ 23ರಷ್ಟು ಮೆತ್ತಗಾಗುತ್ತದೆ. ಕಣ್ಣಿಗೆ ಕಾಣದ ಒಂದು ಮಿಲಿಮೀಟರ್ ಇಷ್ಟು ದೊಡ್ಡ ಆಟವಾಡುತ್ತದೆ. ಹಳೆಯ ಪಟ್ಟಿ ತುಕ್ಕಿನಿಂದ ಸವೆದಿರುವುದರಿಂದ ಅಂಚಿನಲ್ಲಿ ಅಳೆಯದೆ, ಕಡಿಮೆ ಸವೆದ ಜಾಗದಲ್ಲಿ, ಸಾಧ್ಯವಾದರೆ ಯು ಬೋಲ್ಟ್‌ನ ಕೆಳಗೆ ಮುಚ್ಚಿದ್ದ ಭಾಗದಲ್ಲಿ ಅಳೆಯುವುದು ಒಳ್ಳೆಯದು. ಕಂಪನಿಯ ಪಾರ್ಟ್ ನಂಬರ್ ಸಿಕ್ಕರೆ ಅದನ್ನೂ ಚಾಸಿ ಸಂಖ್ಯೆಯನ್ನೂ ಚೀಟಿಯಲ್ಲಿ ಸೇರಿಸಿ. ಅಧಿಕೃತ ಮಾರಾಟಗಾರರು ಚಾಸಿ ಸಂಖ್ಯೆಯಿಂದ ಸರಿಯಾದ ಸೆಟ್ ಹುಡುಕಬಲ್ಲರು.

ಒಂದು ಪಟ್ಟಿಯೋ ಇಡೀ ಸೆಟ್ಟೋ ಎಂಬ ಪ್ರಶ್ನೆ ಈ ಹಂತದಲ್ಲಿ ಬರುತ್ತದೆ. ಕುಸಿದ ಹಳೆಯ ಪಟ್ಟಿಗಳ ನಡುವೆ ಪೂರ್ತಿ ಬಾಗಿನ ಹೊಸ ಪಟ್ಟಿಯೊಂದನ್ನು ಸೇರಿಸಿದರೆ ಹೊಸದರ ಮೇಲೆಯೇ ಹೆಚ್ಚು ಹೊರೆ ಬಿದ್ದು ಅದು ಬೇಗ ಮುರಿಯುತ್ತದೆ. ಸೆಟ್ ಇನ್ನೂ ಗಟ್ಟಿಯಾಗಿದ್ದು ಕೆಳಗಿನ ಸಣ್ಣ ಪಟ್ಟಿಯೊಂದು ಮಾತ್ರ ಹೋಗಿದ್ದರೆ ಬಿಡಿಯಾಗಿ ಬದಲಿಸಬಹುದು. ಮೇನ್ ಪಟ್ಟಿ ಮುರಿದಿದ್ದು ಲಾರಿಯ ಎರಡೂ ಬದಿ ಕುಸಿದಿದ್ದರೆ, ಎರಡೂ ಬದಿಗೆ ಪೂರ್ತಿ ಸೆಟ್ ಹಾಕಿಸುವುದೇ ಕೊನೆಗೆ ಅಗ್ಗ. ಕುಸಿದ ಪಟ್ಟಿಯನ್ನು ಬಡಿದು ಬಾಗು ಎತ್ತಿಸುವ ಪದ್ಧತಿ ನಮ್ಮಲ್ಲಿ ಸಾಮಾನ್ಯವಾದರೂ, ತಣ್ಣಗಿರುವಾಗ ಸುತ್ತಿಗೆಯಿಂದ ಬಡಿದ ಪಟ್ಟಿ ಬೇಗ ಕುಸಿಯುತ್ತದೆ ಅಥವಾ ಏಟಿನ ಗುರುತಿನಲ್ಲಿಯೇ ಮುರಿಯುತ್ತದೆ. ಮುರಿದ ಪಟ್ಟಿಗೆ ವೆಲ್ಡಿಂಗ್ ಮಾಡಿಸುವ ವಿಚಾರವನ್ನಂತೂ ಎತ್ತಲೇಬಾರದು.

ಉಕ್ಕನ್ನು ಗುರುತಿಸುವುದು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಕಲಾಸಿಪಾಳ್ಯದಲ್ಲಾಗಲಿ ಕೌಂಟರ್ ಮೇಲಿಟ್ಟ ಪಟ್ಟಿಗಳೆಲ್ಲ ಕಪ್ಪು ಬಣ್ಣ ಬಳಿದುಕೊಂಡು ಒಂದೇ ತರಹ ಕಾಣುತ್ತವೆ. ವ್ಯತ್ಯಾಸವಿರುವುದು ಒಳಗಿನ ಉಕ್ಕಿನಲ್ಲಿ ಮತ್ತು ಅದಕ್ಕೆ ಕೊಟ್ಟ ಶಾಖದಲ್ಲಿ. ಲೀಫ್ ಸ್ಪ್ರಿಂಗ್‌ಗೆ ಸಿಲಿಕಾನ್-ಮ್ಯಾಂಗನೀಸ್ ಬಗೆಯ ಉಕ್ಕು, ಎಸ್‌ಯುಪಿ9ರಂಥ ಕ್ರೋಮಿಯಂ ಬೆರೆತ ಉಕ್ಕು, ಹೆಚ್ಚು ಒತ್ತಡ ಹೊರಬೇಕಾದಲ್ಲಿ 50ಸಿಆರ್‌ವಿ4 ಎಂಬ ಕ್ರೋಮ್-ವೆನೇಡಿಯಂ ಉಕ್ಕು ಬಳಕೆಯಲ್ಲಿವೆ. ವಾಹನಗಳ ಲೀಫ್ ಸ್ಪ್ರಿಂಗ್‌ಗೆ ಐಎಸ್ 1135 ಎಂಬ ಭಾರತೀಯ ಮಾನದಂಡವಿದೆ. ಅಂಗಡಿಯವರನ್ನು ‘ಯಾವ ಗ್ರೇಡ್?’ ಎಂದು ಕೇಳಿ. ಒಳ್ಳೆಯ ತಯಾರಕರ ಮಾಲು ಇಟ್ಟವರು ಉತ್ತರ ಕೊಡುತ್ತಾರೆ. ‘ಎಲ್ಲಾ ಒಂದೇ ಸಾರ್’ ಎಂಬ ಮಾತು ಬಂದರೆ ಮುಂದಿನ ಅಂಗಡಿಗೆ ಹೋಗಬಹುದು.

ಕೈಯಲ್ಲಿ ಉಪಕರಣವಿಲ್ಲದೆಯೂ ಮೂರು ಪರೀಕ್ಷೆ ಸಾಧ್ಯ. ಪಟ್ಟಿಯ ಮೇಲೆ ತಯಾರಕರ ಗುರುತು, ಪಾರ್ಟ್ ನಂಬರ್ ಮತ್ತು ತಯಾರಿಕೆಯ ಸಂಕೇತ ಒತ್ತಿದ್ದಾರೆಯೇ ನೋಡಿ. ಬರೀ ಸ್ಟಿಕ್ಕರ್ ಇದ್ದರೆ ನಂಬುವುದು ಕಷ್ಟ. ಎರಡನೆಯದಾಗಿ, ಬಣ್ಣ ಸ್ವಲ್ಪ ಕೆರೆದು ಮೇಲ್ಮುಖವನ್ನು ಗಮನಿಸಿ. ಒಳ್ಳೆಯ ಕಾರ್ಖಾನೆಗಳು ಸಣ್ಣ ಉಕ್ಕಿನ ಗುಂಡುಗಳನ್ನು ವೇಗವಾಗಿ ಎರಚಿ ಮೇಲ್ಮೈಯನ್ನು ಒತ್ತಿ ಗಟ್ಟಿ ಮಾಡುತ್ತವೆ. ಶಾಟ್ ಪೀನಿಂಗ್ ಎಂಬ ಈ ಕ್ರಿಯೆಯಿಂದ ಪಟ್ಟಿ ಬಿರುಕನ್ನು ಹೆಚ್ಚು ಕಾಲ ತಡೆಯುತ್ತದೆ. ಅಂಥ ಮುಖ ಎಲ್ಲೆಡೆ ಸಮನಾಗಿ, ರವೆ ಉದುರಿಸಿದ ಹಾಗೆ ಒರಟಾಗಿರುತ್ತದೆ. ಮೂರನೆಯ ಪರೀಕ್ಷೆ ತಕ್ಕಡಿಯದು. ಉದ್ದ, ಅಗಲ, ದಪ್ಪಗಳನ್ನು ಸೆಂ.ಮೀ.ನಲ್ಲಿ ಗುಣಿಸಿ 7.85ರಿಂದ ಮತ್ತೆ ಗುಣಿಸಿದರೆ ಉಕ್ಕಿನ ತೂಕ ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. 140 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲ, 1.2 ಸೆಂ.ಮೀ. ದಪ್ಪದ ಪಟ್ಟಿ ಸುಮಾರು 10.5 ಕೆ.ಜಿ. ತೂಗಬೇಕು. ಕಣ್ಣು ಸುತ್ತಿದ ಪಟ್ಟಿಗಾದರೆ ಆ ಸುತ್ತಿನ ಉದ್ದವನ್ನೂ ಸೇರಿಸಿಕೊಳ್ಳಬೇಕು. ತಕ್ಕಡಿ 9.7 ಕೆ.ಜಿ. ತೋರಿಸಿದರೆ ದಪ್ಪದಲ್ಲಿ ಒಂದು ಮಿಲಿಮೀಟರ್ ಕಡಿಮೆಯಿದೆ ಎಂದರ್ಥ.

ಲಾರಿ ತಯಾರಕರೇ ತಮ್ಮ ಹೆಸರಿನಲ್ಲಿ ಮಾರುವ ಬಿಡಿಭಾಗಗಳು, ಅಶೋಕ್ ಲೇಲ್ಯಾಂಡ್‌ಗಾದರೆ ಲೇಪಾರ್ಟ್ಸ್, ಸುರಕ್ಷಿತ ಆಯ್ಕೆ. ಹಾಗೆಂದು ಅವೊಂದೇ ಆಯ್ಕೆಯಲ್ಲ. ಜಮ್ನಾ ಆಟೋದಂಥ ಸ್ಪ್ರಿಂಗ್ ತಯಾರಕರು ಲಾರಿ ಕಾರ್ಖಾನೆಗಳಿಗೂ ಬಿಡಿ ಮಾರುಕಟ್ಟೆಗೂ ಮಾಲು ಪೂರೈಸುತ್ತಾರೆ. ಹೆಸರಿಗಿಂತ ಮುಖ್ಯವಾದದ್ದು ಆ ಹೆಸರಿನ ಅಸಲಿ ಮಾಲು ನಿಮ್ಮ ಕೈಸೇರುವುದು. ಜಿಎಸ್‌ಟಿ ಬಿಲ್‌ನಲ್ಲಿ ಪಾರ್ಟ್ ನಂಬರ್ ಬರೆಸಿಕೊಳ್ಳದೆ ದುಡ್ಡು ಕೊಡಬೇಡಿ. ಗುಜರಿಯಲ್ಲಿ ಸಿಗುವ ಬ್ರಾಕೆಟ್, ಹ್ಯಾಂಗರ್‌ಗಳನ್ನು ಬಿರುಕಿಲ್ಲದಿದ್ದರೆ ತರಬಹುದು. ಹಳೆಯ ಪಟ್ಟಿ ಬೇಡ. ಅದು ಎಷ್ಟು ಲಕ್ಷ ಬಾರಿ ಬಾಗಿದೆ ಎಂಬುದನ್ನು ಯಾವ ಕಣ್ಣೂ ಕಾಣಲಾರದು.

ಇಲ್ಲಿ ಹೊರೆಯ ಮಾತನ್ನೂ ಹೇಳಬೇಕು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನು ಹೆಚ್ಚಿಸಿದಾಗ ಎರಡು ಆಕ್ಸಲ್ ಲಾರಿಯ ಮಿತಿ 16.2 ಟನ್‌ನಿಂದ 18.5 ಟನ್‌ಗೆ ಏರಿತು. ಆದರೆ ಅಧಿಸೂಚನೆ ಹೊರಬಿದ್ದ ಮಾತ್ರಕ್ಕೆ ಹದಿನಾರು ಟನ್ನಿಗೆಂದು ರೂಪಿಸಿದ ಪಟ್ಟಿಗೆ, ಆಕ್ಸಲ್‌ಗೆ, ಬ್ರೇಕ್‌ಗೆ ಬಲ ಬರುವುದಿಲ್ಲ. ಆರ್‌ಸಿಯಲ್ಲಿ ಬರೆದ ತೂಕಕ್ಕೆ ತಕ್ಕ ಸೆಟ್ ಹಾಕಿಸಬೇಕು. ಕಬ್ಬಿನ ಹಂಗಾಮಿಗೆಂದು ಎರಡು ಪಟ್ಟಿ ಹೆಚ್ಚಿಗೆ ಸೇರಿಸಿದರೆ ಯು ಬೋಲ್ಟ್‌ನ ಉದ್ದ ಸಾಲದಾಗುತ್ತದೆ, ಖಾಲಿ ಲಾರಿ ಕುಪ್ಪಳಿಸುತ್ತದೆ, ಪಟ್ಟಿ ನುಂಗಬೇಕಾದ ಏಟು ಚಾಸಿಗೆ ಬೀಳುತ್ತದೆ.

ಸಣ್ಣ ಸಾಮಾನು

ಪಟ್ಟಿಗೆ ಸಾವಿರಾರು ರೂಪಾಯಿ ಸುರಿದು, ಹಳೆಯ ಯು ಬೋಲ್ಟ್‌ಗಳನ್ನೇ ತಂತಿಬ್ರಷ್‌ನಿಂದ ಉಜ್ಜಿ ಮತ್ತೆ ಹಾಕುವುದು ನಮ್ಮಲ್ಲಿ ಕಾಣುವ ಅತ್ಯಂತ ದುಬಾರಿ ಉಳಿತಾಯ. ಒಮ್ಮೆ ಬಿಗಿದ ಯು ಬೋಲ್ಟ್ ಹಿಗ್ಗಿರುತ್ತದೆ, ಅದರ ಮರೆ (ಥ್ರೆಡ್) ಸವೆದಿರುತ್ತದೆ. ಅದನ್ನು ನಟ್ ಸಮೇತ ಹೊಸದಾಗಿಯೇ ಕೊಳ್ಳಬೇಕು. ಬಲದ ದರ್ಜೆಯನ್ನು 8.8, 10.9 ಎಂಬಂತೆ ಸೂಚಿಸುತ್ತಾರೆ. ನಿಮ್ಮ ಲಾರಿಗೆ ತಯಾರಕರು ಹೇಳಿದ ದರ್ಜೆಗಿಂತ ಕಡಿಮೆಯದು ಬೇಡ. ಸೆಂಟರ್ ಬೋಲ್ಟ್‌ನ ತಲೆ ಆಕ್ಸಲ್ ಮೇಲಿನ ಗುಳಿಯಲ್ಲಿ ಸರಿಯಾಗಿ ಕೂರಬೇಕು. ಅದು ತುಂಡಾದರೆ ಆಕ್ಸಲ್ ಸರಿದು, ಹಿಂದಿನ ಚಕ್ರ ಮುಂದಿನ ಚಕ್ರದ ಜಾಡು ಬಿಟ್ಟು, ಲಾರಿ ಏಡಿಯಂತೆ ಓರೆಯಾಗಿ ಓಡುತ್ತದೆ. ಪಿನ್ ಮತ್ತು ಬುಷ್‌ಗಳನ್ನು ಯಾವಾಗಲೂ ಜೊತೆಯಾಗಿಯೇ ಬದಲಿಸಿ. ಪಿನ್‌ನಲ್ಲಿ ಗ್ರೀಸ್ ಹೋಗುವ ರಂಧ್ರ ಮುಚ್ಚಿಲ್ಲವೆಂದು ಊದಿ ನೋಡಿಕೊಳ್ಳಿ.

ಶಾಕ್ ಅಬ್ಸಾರ್ಬರ್ ಇರುವ ಲಾರಿಯಾದರೆ ಅದರ ಮುಚ್ಚಿದ ಉದ್ದ, ಪೂರ್ತಿ ಎಳೆದ ಉದ್ದ ಮತ್ತು ತುದಿಯ ಜೋಡಣೆಯ ಬಗೆ ಇವು ಹಳೆಯದಕ್ಕೆ ಹೊಂದಬೇಕು. ಅಂಗಡಿಯಲ್ಲಿ ಅಡ್ಡ ಮಲಗಿಸಿಟ್ಟಿದ್ದರಿಂದ ಒಳಗೆ ಗಾಳಿ ಸೇರಿರುತ್ತದೆ. ನೆಟ್ಟಗೆ ಹಿಡಿದು ನಾಲ್ಕೈದು ಸಲ ಎಳೆದು ಒತ್ತಿದ ಮೇಲೆಯೇ ಪರೀಕ್ಷಿಸಬೇಕು. ಸಾಮಾನ್ಯವಾಗಿ ಒತ್ತುವಾಗಿನದಕ್ಕಿಂತ ಎಳೆಯುವಾಗಿನ ತಡೆ ಹೆಚ್ಚಿರುತ್ತದೆ. ನಡುವೆ ಎಲ್ಲಾದರೂ ಸಡಿಲವಾಗಿ ಜಾರಿದರೆ ಅದು ಬೇಡ.

ಜೋಡಿಸಿದ ಮೇಲೆ

ಯು ಬೋಲ್ಟ್‌ಗಳ ಕೊನೆಯ ಬಿಗಿತವನ್ನು ಲಾರಿಯ ತೂಕ ಚಕ್ರಗಳ ಮೇಲೆ ನಿಂತಿರುವಾಗ, ಎದುರುಬದುರು ನಟ್‌ಗಳನ್ನು ಸರದಿಯಲ್ಲಿ ಸ್ವಲ್ಪಸ್ವಲ್ಪವೇ ತಿರುಗಿಸುತ್ತ, ಟಾರ್ಕ್ ರೆಂಚ್‌ನಿಂದ ಕೈಪಿಡಿಯ ಅಳತೆಗೆ ಮಾಡಿಸಬೇಕು. ಸ್ಪ್ಯಾನರ್‌ಗೆ ಪೈಪ್ ತೊಡಿಸಿ ಇಬ್ಬರು ನೇತಾಡುವುದು ಅಳತೆಯಲ್ಲ. ಹೊಸ ಪಟ್ಟಿಗಳ ನಡುವಿನ ಬಣ್ಣ ಮತ್ತು ಧೂಳು ಮೊದಲ ಹೊರೆಯಲ್ಲಿಯೇ ಒತ್ತಿಹೋಗಿ ಬಿಗಿತ ಇಳಿಯುವುದರಿಂದ, ಮೊದಲ ಲೋಡ್ ಇಳಿಸಿದ ಮೇಲೊಮ್ಮೆ, ಸುಮಾರು ಐನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿಸಬೇಕು. ಎಂಟು ವರ್ಷ ದಾಟಿದ ಲಾರಿಗೆ ವರ್ಷಕ್ಕೊಮ್ಮೆ ಎಫ್‌ಸಿ (ವಾಹನದ ಅರ್ಹತಾ ಪ್ರಮಾಣಪತ್ರ) ಮಾಡಿಸಲೇಬೇಕು. ಆದರೆ ಈ ನಟ್‌ಗಳು ಅಷ್ಟು ದಿನ ಕಾಯುವುದಿಲ್ಲ. ಕೊನೆಯ ಬಾರಿ ಬಿಗಿದಾಗ ಪ್ರತಿ ನಟ್‌ನಿಂದ ಕೆಳಗಿನ ಪ್ಲೇಟಿನವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆಸಿಬಿಡಿ. ಗೆರೆ ತುಂಡಾಗಿ ಕಂಡ ದಿನ ನಟ್ ತಿರುಗಿದೆ ಎಂದು, ಬೆಳಿಗ್ಗೆ ಟೈರ್ ತಟ್ಟಿ ನೋಡುವ ಕ್ಲೀನರ್‌ಗೂ ತಿಳಿಯುತ್ತದೆ.