ಚಿಂತಾಮಣಿಯಲ್ಲಿ ಲಿನಕ್ಸಿಗೆ ಮೋಡೆಮ್ ಹಾಕಿದ್ದು

ವಿಂಡೋಸ್ ಬದಲು ಹಾಕಿಕೊಳ್ಳುವ ಲಿನಕ್ಸಿನಲ್ಲಿ ಡಯಲ್-ಅಪ್, ಅಂದರೆ ಫೋನ್ ಲೈನಿನ ಮೇಲೆ ಬರುವ ಇಂಟರ್ನೆಟ್, ಬರೋದೇ ಇಲ್ಲ ಅಂತ 2003-04ರ ಸುಮಾರಿಗೆ ತುಂಬಾ ಜನ ಹೇಳುತ್ತಿದ್ದರು. ಬರುತ್ತದೆ. ಆದರೆ ಕಂಪ್ಯೂಟರನ್ನು ಫೋನ್ ಲೈನಿಗೆ ಸೇರಿಸೋಕೆ ನಮ್ಮ ಕೈಯಲ್ಲಿರುವುದು ನಿಜವಾದ ಮೋಡೆಮ್ಮೋ ಅಲ್ಲವೋ ಅಂತ ಮೊದಲು ನೋಡಿಕೊಳ್ಳಬೇಕು.

ಚಿಂತಾಮಣಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬಿಲ್ ಪುಸ್ತಕ, ಕರಪತ್ರ, ಇಂಥ ಕೆಲಸ. ನಾನು ಹೇಳುತ್ತಿರುವುದು 2003-04ರ ಮಾತು. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ, ಹಾಗಾಗಿ ಆಗ ನಾವು ಕೋಲಾರ ಜಿಲ್ಲೆಯವರು. ಅಂಗಡಿಯಲ್ಲಿದ್ದ ಎರಡು ಕಂಪ್ಯೂಟರುಗಳಲ್ಲಿ ಒಂದಕ್ಕೆ ರೆಡ್ ಹ್ಯಾಟ್ 9 ಅನ್ನೋ ಲಿನಕ್ಸ್ ಹಾಕಿದ್ದೆ. ಬೆಂಗಳೂರಿನ ಪ್ರೆಸ್‌ಗೆ ಫೈಲ್ ಕಳಿಸೋಕೆ ಇಂಟರ್ನೆಟ್ ಬೇಕಿತ್ತು.

ಕಂಪ್ಯೂಟರಿನ ಒಳಗೆ ಒಂದು ಪಿಸಿಐ ಮೋಡೆಮ್ ಕಾರ್ಡ್ ಇತ್ತು. ಇಂಥವಕ್ಕೆ ವಿನ್‌ಮೋಡೆಮ್ ಅನ್ನುತ್ತಾರೆ. ಫೋನ್ ಲೈನಿನ ಶಬ್ದವನ್ನು ಡೇಟಾ ಮಾಡುವ ಅಸಲಿ ಕೆಲಸ ಕಾರ್ಡ್ ಮಾಡೋದಿಲ್ಲ. ಕಾರ್ಡ್ ನಡೆಸುವ ವಿಂಡೋಸ್ ಪ್ರೋಗ್ರಾಮ್, ಅಂದರೆ ಡ್ರೈವರ್, ಅದನ್ನು ಸಿಪಿಯು ಕೈಲಿ ಮಾಡಿಸುತ್ತದೆ. ಕಾರ್ಡ್ ಅಗ್ಗ ಇರೋದು ಅದಕ್ಕೇ. ಲೂಸೆಂಟ್ ಚಿಪ್ ಇದ್ದರೆ ಲಿನಕ್ಸಿಗೂ ಡ್ರೈವರ್ ಸಿಗುತ್ತಿತ್ತು, ಸ್ಮಾರ್ಟ್‌ಲಿಂಕ್‌ಗೂ ಇತ್ತು. ಆದರೆ ಅದನ್ನು ಲಿನಕ್ಸಿನ ತಿರುಳಾದ ನಿಮ್ಮ ಕರ್ನಲ್‌ಗೆ ಸರಿಯಾಗಿ ಹೊಂದುವಂತೆ ಮೂಲ ಕೋಡಿನಿಂದ ಕಂಪೈಲ್ ಮಾಡಬೇಕು. ಕರ್ನಲ್ ಬದಲಾಯಿಸಿದರೆ ಮತ್ತೆ ಮೊದಲಿನಿಂದ. ಆ ಡ್ರೈವರ್ ಇಳಿಸಿಕೊಳ್ಳೋಕೂ ಇಂಟರ್ನೆಟ್ಟೇ ಬೇಕು, ಅಲ್ವಾ? ಈ ರಗಳೆಯೇ ಬೇಡ ಅಂತ ಬೆಂಗಳೂರಿನ ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ಎಕ್ಸ್‌ಟರ್ನಲ್ ಮೋಡೆಮ್ ತಂದೆ. ಸೀರಿಯಲ್ ಪೋರ್ಟಿಗೆ ಹಾಕುವಂಥದ್ದು, ಕರೆಂಟಿಗೆ ಬೇರೆ ಅಡಾಪ್ಟರ್, ಮುಂದೆ ಸಾಲಾಗಿ ಕೆಂಪು ಲೈಟು. ಇದಕ್ಕೆ ಡ್ರೈವರೇ ಬೇಡ.

ಮೊದಲ ಸೀರಿಯಲ್ ಪೋರ್ಟಿಗೆ ವಿಂಡೋಸಿನಲ್ಲಿರುವ ಹೆಸರು ಕಾಮ್1, ಅದೇ ಲಿನಕ್ಸಿನಲ್ಲಿ ಟಿಟಿವೈಎಸ್0 ಆಗುತ್ತದೆ. ಎಣಿಕೆ ಸೊನ್ನೆಯಿಂದ ಶುರು, ಅಷ್ಟೇ. ಮೋಡೆಮ್ ಜೊತೆ ನೇರ ಮಾತಾಡುವ ಮಿನಿಕಾಮ್ ಪ್ರೋಗ್ರಾಮ್ ತೆರೆದು ಪೋರ್ಟ್ ಕೊಟ್ಟು, ಸ್ಪೀಡ್ 115200 ಇಟ್ಟು, ಎಟಿ ಅಂತ ಟೈಪ್ ಮಾಡಿ ಎಂಟರ್ ಹೊಡೆದೆ. ಓಕೆ ಅಂತ ಬಂತು. ಹೇಯ್ಸ್ ಕಂಪನಿ 1981ರಲ್ಲಿ ತಂದ ಆದೇಶ ಇದು, ಎಲ್ಲ ಮೋಡೆಮ್‌ಗೂ ಅರ್ಥವಾಗುತ್ತದೆ. ಓಕೆ ಬರುವ ತನಕ ಮುಂದಿನದಕ್ಕೆ ಕೈ ಹಾಕಲೇಬೇಡಿ. ಕೇಬಲ್ಲೋ ಪೋರ್ಟೋ ಕೆಟ್ಟಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಆಮೇಲೆ ಡಯಲ್ ಮಾಡಿ ಇಂಟರ್ನೆಟ್ಟಿಗೆ ಸೇರಿಸುವ ಪ್ರೋಗ್ರಾಮ್, ಡಬ್ಲ್ಯುವಿಡಯಲ್. ಅದರ ಜೊತೆಗೇ ಬರುವ ಕಾನ್ಫಿಗ್ ಪ್ರೋಗ್ರಾಮನ್ನು ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಓಡಿಸಿದರೆ ಮೋಡೆಮ್ ತಾನೇ ಹುಡುಕಿ ಫೈಲ್ ಬರೆದುಕೊಳ್ಳುತ್ತದೆ. ಫೋನ್ ನಂಬರ್, ಯೂಸರ್‌ನೇಮ್, ಪಾಸ್‌ವರ್ಡ್ ಸಾಲುಗಳ ಮುಂದೆ ಅರ್ಧವಿರಾಮ ಚಿಹ್ನೆ ಇರುತ್ತದೆ. ಅದನ್ನು ಅಳಿಸಿ ಇಂಟರ್ನೆಟ್ ಕೊಡುವವರ ಫೋನ್ ನಂಬರ್ ಮತ್ತು ನಮ್ಮ ಹೆಸರು, ಪಾಸ್‌ವರ್ಡ್ ತುಂಬಬೇಕು.

ಡಯಲ್ ಮಾಡಿದರೆ 'ನೋ ಡಯಲ್‌ಟೋನ್' ಅಂತು. ರಿಸೀವರ್ ಎತ್ತಿ ಕೇಳಿದರೆ ಟೋನ್ ಚೆನ್ನಾಗೇ ಇದೆ! ಮೋಡೆಮ್ ಕಾಯುತ್ತಿದ್ದದ್ದು ಅಮೆರಿಕದ ಟೋನ್‌ಗೆ, ನಮ್ಮ ಎಕ್ಸ್‌ಚೇಂಜಿನ ಟೋನ್ ಬೇರೆ ಥರ. ಶುರುವಿನ ಆದೇಶಗಳಲ್ಲಿ ಎಟಿಎಕ್ಸ್3 ಅಂತ ಸೇರಿಸಿದರೆ ಟೋನ್ ಕೇಳಿಸಲಿ ಬಿಡಲಿ, ಡಯಲ್ ಮಾಡುತ್ತದೆ. ಆಮೇಲೆ ಆ ಕೀರಲು ಸದ್ದು ಬಂತು. ಪಕ್ಕದ ಅಂಗಡಿಯವರು ಬಗ್ಗಿ ನೋಡಿ "ಏನಣ್ಣಾ ಅದು, ಫೋನ್ ಕೆಟ್ಟೋಯ್ತಾ?" ಅಂದರು.

ಕನೆಕ್ಟ್ ಆದಮೇಲೆ ಲಾಗಿನ್ ಜಾಗದಲ್ಲಿ ಸುಮ್ನೆ ನಿಂತುಬಿಟ್ಟರೆ 'ಸ್ಟುಪಿಡ್ ಮೋಡ್' ಅನ್ನೋದನ್ನ 1 ಮಾಡಿ. ಹೆಸರಷ್ಟೇ ಹಾಗೆ, ಏನನ್ನೂ ಕೇಳದೆ ನೇರ ಪಿಪಿಪಿ (ಫೋನ್ ಲೈನಿನ ಮೇಲೆ ಇಂಟರ್ನೆಟ್ ಸಂಪರ್ಕ ಕಟ್ಟುವ ವಿಧಾನ) ಶುರು ಮಾಡುತ್ತದೆ.

ನಿಜಕ್ಕೂ ತಲೆ ತಿಂದದ್ದು ಇದಾದ ಮೇಲೆ. ಐಪಿ ವಿಳಾಸ ಸಿಕ್ಕಿದೆ, ಒಂದು ಪುಟವೂ ತೆರೆಯುತ್ತಿಲ್ಲ. ಲಾಗ್ ಫೈಲ್ ಓದಿದಾಗ ಉತ್ತರ ಅಲ್ಲೇ ಇತ್ತು: ಮೊದಲೇ ಇರುವ ಡೀಫಾಲ್ಟ್ ರೂಟನ್ನು (ಡೇಟಾ ಹೊರಗೆ ಹೋಗುವ ದಾರಿ) ಬದಲಾಯಿಸುವುದಿಲ್ಲ ಅಂತ ಪಿಪಿಪಿ ಹೇಳಿತ್ತು. ಅಂಗಡಿಯ ಎರಡು ಕಂಪ್ಯೂಟರುಗಳನ್ನು ಸೇರಿಸುವ ಲ್ಯಾನ್ ಇತ್ತು, ಅದರ ಕಾರ್ಡಿಗೆ ಹೊರಗೆ ಹೋಗುವ ಬಾಗಿಲು ಅಂತ ಗೇಟ್‌ವೇ ಕೊಟ್ಟಿತ್ತು. ಇಂಟರ್ನೆಟ್ಟಿಗೆ ಹೋಗಬೇಕಾದ್ದೆಲ್ಲ ಪಕ್ಕದ ಟೇಬಲ್ಲಿನ ಕಂಪ್ಯೂಟರಿಗೆ ಹೋಗುತ್ತಿತ್ತು! ಗೇಟ್‌ವೇ ಸಾಲು ತೆಗೆದೆ, ಪುಟ ಬಂತು. ಐಪಿ ನಂಬರಿಗೆ ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತದಾ ಅಂತ ನೋಡುವ ಆದೇಶ) ಹೋಗಿ ಹೆಸರಿಗೆ ಹೋಗದಿದ್ದರೆ ಮಾತ್ರ ಅದು ಹೆಸರನ್ನು ನಂಬರಾಗಿಸುವ ಡಿಎನ್‌ಎಸ್ ತೊಂದರೆ. ಎರಡನ್ನೂ ಕಲಸಬೇಡಿ.

ಪರದೆಯಲ್ಲಿ 'ಕನೆಕ್ಟ್ 115200' ಅಂತ ಬಂದರೆ ಹಿಗ್ಗಬೇಡಿ. ಅದು ಕಂಪ್ಯೂಟರಿಗೂ ಮೋಡೆಮ್‌ಗೂ ನಡುವಿನ ವೇಗ, ಲೈನಿನದಲ್ಲ. 56 ಕೆ (ಸೆಕೆಂಡಿಗೆ 56 ಕಿಲೋಬಿಟ್) ಅನ್ನೋದೂ ಇಳಿಸಿಕೊಳ್ಳುವಾಗಿನ ಲೆಕ್ಕ. 56 ಕೆ ಮೋಡೆಮ್‌ಗಳ ವಿ.90 ಮಾನದಂಡದಲ್ಲಿ ಕಳಿಸೋಕೆ ಜಾಸ್ತಿ ಅಂದರೆ 33.6 ಕೆ, ಅಂದರೆ ಸೆಕೆಂಡಿಗೆ ಸುಮಾರು 4 ಕೆಬಿ. ನನಗೆ ಬೇಕಿದ್ದದ್ದು ಕಳಿಸೋದೇ. 5 ಎಂಬಿ ಫೈಲಿಗೆ ಇಪ್ಪತ್ತು ನಿಮಿಷದ ಮೇಲೆ, ಅದೂ ನಡುವೆ ಯಾರೂ ಅದೇ ಲೈನಿನ ಪ್ಯಾರಲಲ್ ಫೋನ್ ಎತ್ತದಿದ್ದರೆ. ಹಾಗಾಗಿ ಪ್ರೂಫ್, ಮೇಲ್, ಸಣ್ಣ ಪಿಡಿಎಫ್ ಮೋಡೆಮ್‌ನಲ್ಲಿ ಹೋಗುತ್ತಿದ್ದವು. ಬಣ್ಣದ ಫೋಟೋ ಇರುವ ದೊಡ್ಡ ಕೆಲಸಗಳನ್ನು ಸಿಡಿಗೆ ಬರೆದು ಬೆಂಗಳೂರು ಬಸ್ಸಿಗೇ ಹಾಕುತ್ತಿದ್ದೆ.