ಗೆಟ್ಟಿಸ್‌ಬರ್ಗ್ ರಣಭೂಮಿಯನ್ನು ನಡೆದು ನೋಡುವುದು ಹೇಗೆ?

ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಅತಿ ಹೆಚ್ಚು ಸಾವುನೋವು ಕಂಡ ಕಾಳಗ 1863ರ ಜುಲೈ 1ರಿಂದ 3ರವರೆಗೆ ಪೆನ್ಸಿಲ್ವೇನಿಯಾ ರಾಜ್ಯದ ಗೆಟ್ಟಿಸ್‌ಬರ್ಗ್‌ನಲ್ಲಿ ನಡೆಯಿತು. ಆ ನೆಲ ಈಗ ರಾಷ್ಟ್ರೀಯ ಸೈನಿಕ ಉದ್ಯಾನವಾಗಿದೆ. ಉದ್ಯಾನದೊಳಗೆ ಸುಮಾರು 24 ಮೈಲಿ ಉದ್ದದ ವಾಹನ ಮಾರ್ಗವಿದ್ದು, ಅನೇಕರು ಕಾರಿನಲ್ಲೇ ಒಂದು ಸುತ್ತು ಹಾಕಿ ಹೊರಟುಬಿಡುತ್ತಾರೆ. ಆದರೆ ಇಲ್ಲಿ ಸೋಲು ಗೆಲುವುಗಳಲ್ಲಿ ನೆಲದ ಏರಿಳಿತದ ಪಾಲು ದೊಡ್ಡದು. ಅದನ್ನು ಅರಿಯಬೇಕೆಂದರೆ ಕೆಲವು ಕಡೆಯಾದರೂ ಕಾಲ್ನಡಿಗೆಯಲ್ಲೇ ಹೋಗಬೇಕು.

ಮೊದಲು ಸಂದರ್ಶಕರ ಕೇಂದ್ರಕ್ಕೆ ಹೋಗಿ ನಕ್ಷೆ ತೆಗೆದುಕೊಳ್ಳಿ. ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ವಸ್ತುಸಂಗ್ರಹಾಲಯಕ್ಕೆ ಮಾತ್ರ ಟಿಕೆಟ್ ಇದೆ. ಫ್ರೆಂಚ್ ಕಲಾವಿದ ಪಾಲ್ ಫಿಲಿಪ್ಪೊಟೊ ಮೂರನೆಯ ದಿನದ ದಾಳಿಯನ್ನು ಚಿತ್ರಿಸಿದ, ನೋಡುಗರನ್ನು ಸುತ್ತುವರಿಯುವಂತಿರುವ ಬೃಹತ್ ಚಿತ್ರ ಅಲ್ಲಿದೆ. ಬಯಲಿಗೆ ಇಳಿಯುವ ಮೊದಲೇ ಅದನ್ನು ನೋಡಿಕೊಂಡರೆ ಮುಂದಿನ ನಡಿಗೆ ಸುಲಭವಾಗಿ ಅರ್ಥವಾಗುತ್ತದೆ.

ಎರಡನೆಯದಾಗಿ, ಕಲ್ಲುಗಳನ್ನು ಓದುವುದನ್ನು ಕಲಿಯಿರಿ. ಉದ್ಯಾನದಲ್ಲಿ 1,300ಕ್ಕೂ ಹೆಚ್ಚು ಸ್ಮಾರಕಗಳೂ ಫಲಕಗಳೂ ಇರುವುದರಿಂದ ಎಲ್ಲವನ್ನೂ ನೋಡುವ ಹಟ ಬೇಡ. ಉತ್ತರದ ಸೇನೆಯ ರೆಜಿಮೆಂಟೊಂದರ ಸ್ಮಾರಕದ ಎಡಬಲಗಳಲ್ಲಿ, ಹುಲ್ಲಿನ ನಡುವೆ, ಮೊಣಕಾಲೆತ್ತರಕ್ಕೂ ಬಾರದ ಪುಟ್ಟ ಕಲ್ಲುಗಳನ್ನು ಹುಡುಕಿ. ಒಂದರ ಮೇಲೆ ‘ಎಲ್.ಎಫ್.’, ಇನ್ನೊಂದರ ಮೇಲೆ ‘ಆರ್.ಎಫ್.’ ಎಂದು ಕೊರೆದಿರುತ್ತದೆ. ಅವು ಆ ರೆಜಿಮೆಂಟಿನ ಎಡ (ಲೆಫ್ಟ್ ಫ್ಲ್ಯಾಂಕ್) ಮತ್ತು ಬಲ (ರೈಟ್ ಫ್ಲ್ಯಾಂಕ್) ತುದಿಗಳ ಗುರುತು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ನಡೆದರೆ, ಅಷ್ಟು ಜನ ಎಷ್ಟು ಇಕ್ಕಟ್ಟಿನಲ್ಲಿ ನಿಂತಿದ್ದರೆಂಬುದು ಮನಸ್ಸಿಗೆ ನಾಟುತ್ತದೆ. ಹಲವು ರೆಜಿಮೆಂಟುಗಳು ಸೇರಿದ ಬ್ರಿಗೇಡ್‌ಗಳ ಫಲಕಗಳಲ್ಲಿ ಚೌಕ ಪೀಠದವು ಉತ್ತರದವರವು, ದುಂಡು ಪೀಠದವು ದಕ್ಷಿಣದವರವು.

ಆಮೇಲೆ ಲಿಟಲ್ ರೌಂಡ್ ಟಾಪ್ ಗುಡ್ಡವನ್ನು ಹತ್ತಿ. ಎರಡನೆಯ ದಿನ ಈ ಗುಡ್ಡಕ್ಕೆ ಕಾವಲೇ ಇಲ್ಲದಂತಿರುವುದನ್ನು ಗಮನಿಸಿದ ಉತ್ತರದ ಸೇನೆಯ ಮುಖ್ಯ ಎಂಜಿನಿಯರ್ ವಾರೆನ್ ತುರ್ತಾಗಿ ಪಡೆಗಳನ್ನು ಕರೆಸಿಕೊಂಡರು. ಅವರ ಪ್ರತಿಮೆಯ ಬಳಿ ನಿಂತು ಕೆಳಗಿನ ಡೆವಿಲ್ಸ್ ಡೆನ್ ಬಂಡೆಗಳನ್ನೂ ಅದರಾಚೆಯ ಬಯಲನ್ನೂ ನೋಡಿದರೆ ಆ ಅವಸರಕ್ಕೆ ಕಾರಣ ತಾನೇ ತಿಳಿಯುತ್ತದೆ.

ಸಮಯ ಕಡಿಮೆಯಿದ್ದರೆ ಉಳಿದದ್ದನ್ನೆಲ್ಲ ಬಿಟ್ಟರೂ ಮೂರನೆಯ ದಿನದ, ದಕ್ಷಿಣದ ಜನರಲ್ ಪಿಕೆಟ್ ಹೆಸರಿನ ದಾಳಿಯ ಹಾದಿಯನ್ನು ಮಾತ್ರ ಬಿಡಬೇಡಿ. ಜುಲೈ 3ರ ಮಧ್ಯಾಹ್ನ ದಕ್ಷಿಣದ ಸುಮಾರು 12,500 ಸೈನಿಕರು ಸೆಮಿನರಿ ದಿಣ್ಣೆಯಿಂದ, ಉತ್ತರದವರು ನಿಂತಿದ್ದ ಸೆಮೆಟರಿ ದಿಣ್ಣೆಯತ್ತ ಬಯಲಿನಲ್ಲಿ ನಡೆದರು. ನೀವೂ ವರ್ಜೀನಿಯಾ ಸ್ಮಾರಕದಿಂದ ಹೊರಟು ಪೂರ್ವಕ್ಕೆ ನಡೆಯಿರಿ. ಮಧ್ಯಾಹ್ನದ ಮೇಲಾದರೆ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ದೂರದಿಂದ ಸಪಾಟಾಗಿ ಕಾಣುವ ಹೊಲದಲ್ಲಿ ನಡೆಯುತ್ತ ಹೋದಂತೆ ತಗ್ಗುಗಳು ಎದುರಾಗುತ್ತವೆ. ತಗ್ಗಿಗಿಳಿದಾಗ ಎದುರಿನ ದಿಣ್ಣೆ ಮರೆಯಾಗುತ್ತದೆ, ಏರಿದಾಗ ಮತ್ತೆ ಕಾಣಿಸುತ್ತದೆ. ಸೈನಿಕರಿಗೆ ಅಲ್ಪಸ್ವಲ್ಪ ಆಸರೆ ಸಿಕ್ಕಿದ್ದೂ ಇಂಥ ತಗ್ಗುಗಳಲ್ಲೇ. ಎಮಿಟ್ಸ್‌ಬರ್ಗ್ ರಸ್ತೆಯಂಚಿನ ಮರದ ಬೇಲಿಯ ಬಳಿ ಸ್ವಲ್ಪ ಹೊತ್ತು ನಿಲ್ಲಿ. ಇಂಥ ಬೇಲಿಗಳನ್ನು ಹತ್ತಿ ದಾಟಬೇಕಾಗಿ ಬಂದು, ಗುಂಡಿನ ಮಳೆಯ ನಡುವೆ ಅವರ ಸಾಲುಗಳು ಮುರಿದುಹೋದವು. ಈಗ ಅಲ್ಲಿ ವಾಹನಗಳ ಓಡಾಟವಿರುವುದರಿಂದ ರಸ್ತೆಯನ್ನು ಎಚ್ಚರಿಕೆಯಿಂದ ದಾಟಿ. ನಡಿಗೆ ಮುಗಿಯುವ ಮೋಟು ಕಲ್ಲುಗೋಡೆಯ ಮೂಲೆಗೆ ‘ದಿ ಆ್ಯಂಗಲ್’ ಎಂದು ಹೆಸರು. ದಕ್ಷಿಣದ ಜನರಲ್ ಆರ್ಮಿಸ್ಟೆಡ್ ಬಿದ್ದ ಜಾಗ ಗೋಡೆಯ ಒಳಬದಿಯಲ್ಲಿದೆ. ಹೋಗಲು ಸುಮಾರು ಒಂದು ಮೈಲಿ, ಬರಲು ಇನ್ನೊಂದು. ನೆರಳು ಕಡಿಮೆ, ಆದ್ದರಿಂದ ನೀರು, ಟೋಪಿ ಜೊತೆಗಿರಲಿ. ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣೆಹುಳುಗಳಿರುತ್ತವೆ, ಉದ್ದನೆಯ ಪ್ಯಾಂಟ್ ಧರಿಸಿ, ಮರಳಿದ ಮೇಲೆ ಮೈಯನ್ನು ಪರೀಕ್ಷಿಸಿಕೊಳ್ಳಿ.

ಫಿರಂಗಿಗಳನ್ನೂ ಸ್ಮಾರಕಗಳನ್ನೂ ಹತ್ತುವುದು, ಲೋಹಶೋಧಕ ಬಳಸುವುದು, ಡ್ರೋನ್ ಹಾರಿಸುವುದು ನಿಷಿದ್ಧ. ಹಳೆಯ ಗುಂಡೇನಾದರೂ ಕಣ್ಣಿಗೆ ಬಿದ್ದರೆ ಮುಟ್ಟದೆ ರೇಂಜರ್‌ಗೆ ತಿಳಿಸಿ. ಕೊನೆಗೆ ಸಮೀಪದ ರಾಷ್ಟ್ರೀಯ ಸ್ಮಶಾನಕ್ಕೆ ಅರ್ಧ ಗಂಟೆಯಾದರೂ ಇಟ್ಟುಕೊಳ್ಳಿ. 1863ರ ನವೆಂಬರ್ 19ರಂದು ಅಧ್ಯಕ್ಷ ಲಿಂಕನ್ ತಮ್ಮ ಪುಟ್ಟ ಭಾಷಣ ಮಾಡಿದ್ದು ಈ ಸ್ಮಶಾನದ ಸಮರ್ಪಣೆಯ ಸಂದರ್ಭದಲ್ಲೇ.