ಸೋಮನಾಥದ ದಾರಿಯ ಮೊದಲ ದಿನ: ಧಾರವಾಡಕ್ಕೇ ನಿಂತೆವು

ಬೆಂಗಳೂರಿನಿಂದ ಸೋಮನಾಥ, ದ್ವಾರಕೆಗೆ ಕಾರಿನಲ್ಲೇ ಹೊರಟಿದ್ದೇವೆ ಎಂದಾಗ ನೆಂಟರೆಲ್ಲ ಕೇಳಿದ್ದು ಒಂದೇ ಮಾತು: ಮೊದಲ ದಿನ ಎಲ್ಲಿಗೆ ಮುಟ್ಟುತ್ತೀರಿ, ಪುಣೆಗಾ, ಕೊಲ್ಲಾಪುರಕ್ಕಾ? ಧಾರವಾಡಕ್ಕೆ ಅಂದರೆ ಯಾರಿಗೂ ಸಮಾಧಾನವಿಲ್ಲ. ಸುಮಾರು 430 ಕಿ.ಮೀ. ಅಷ್ಟೇ. ನನಗೂ ನನ್ನ ಗಂಡನಿಗೂ ಕಾರು ಓಡಿಸಲು ಬರುತ್ತದೆ, ಇನ್ನೊಂದು 180 ಕಿ.ಮೀ. ಓಡಿಸಿದ್ದರೆ ಕೊಲ್ಲಾಪುರವೇ ಸಿಗುತ್ತಿತ್ತು. ಆದರೆ ಹಿಂದಿನ ಸೀಟಿನಲ್ಲಿ ಇದ್ದವರು ಮಂಡಿನೋವಿನ ಅತ್ತೆ, ಕಾರು ಹತ್ತಿದರೆ ಹೊಟ್ಟೆ ತೊಳಸುವ ಮಗಳು, ಅಕ್ಕನಿಗಿಂತ ಚಿಕ್ಕ ಮಗ. ಮೊದಲ ದಿನ ಸುಸ್ತಾದ ಮೈ ಆಮೇಲೆ ಇಡೀ ಪ್ರಯಾಣದಲ್ಲಿ ಚೇತರಿಸಿಕೊಳ್ಳುವುದಿಲ್ಲ.

ನಾನು ಎಲ್ಲಕ್ಕಿಂತ ಹೆಚ್ಚು ಯೋಚಿಸಿದ್ದು ಅತ್ತೆಯ ನೀರಿನ ಬಗ್ಗೆ. ವಯಸ್ಸಾದ ಹೆಂಗಸರು ಪ್ರಯಾಣದ ದಿನ ನೀರೇ ಕುಡಿಯುವುದಿಲ್ಲ. ಕೇಳಿದರೆ "ನಂಗೆ ಬಾಯಾರಿಕೆ ಇಲ್ಲಮ್ಮ" ಅನ್ನುತ್ತಾರೆ. ಬಾಯಾರಿಕೆ ಇರುತ್ತದೆ, ಹೋಗಲು ಜಾಗ ಸಿಗದಿದ್ದರೆ ಎಂಬ ಭಯ ಅದಕ್ಕಿಂತ ದೊಡ್ಡದಿರುತ್ತದೆ. ಅದರ ಮೇಲೆ ಬಿ.ಪಿ. ಮಾತ್ರೆ, ಸಂಜೆಗೆ ತಲೆಸುತ್ತು, ಕಾಲು ಊತ. ಹಾಗಾಗಿ ಹೊರಡುವ ಮೊದಲೇ ಅತ್ತೆಯ ಎದುರು ಕೂತು ಹೇಳಿದೆ: "ಒಂದೂವರೆ ಗಂಟೆಗೊಮ್ಮೆ ಗಾಡಿ ನಿಲ್ಲುತ್ತೆ ಅತ್ತೆ. ನೀವು ಕೇಳಬೇಕಾಗಿಲ್ಲ. ಧೈರ್ಯವಾಗಿ ನೀರು ಕುಡೀರಿ." ಕೂರುವ ಕಮೋಡ್ ಇರುವ ಜಾಗಗಳನ್ನೇ ಹುಡುಕಿ ಬರೆದಿಟ್ಟುಕೊಂಡಿದ್ದೆ. ದೊಡ್ಡ ಹೋಟೆಲುಗಳಲ್ಲಿ ಒಂದು ಕಾಫಿ ಕುಡಿದರೂ ಸಾಕು, ಶೌಚಾಲಯ ಚೆನ್ನಾಗಿರುತ್ತದೆ. ಆ ಕಾಫಿಯ ದುಡ್ಡಿಗೆ ಲೆಕ್ಕ ನೋಡಬಾರದು.

ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು. ಪೀಣ್ಯ, ನೆಲಮಂಗಲ ದಾಟುವಷ್ಟರಲ್ಲಿ ಬೆಳಕು ಹರಿದರೆ ಲಾರಿಗಳ ನಡುವೆ ಸಿಕ್ಕಿಬೀಳುತ್ತೇವೆ. ಡಿಕ್ಕಿ ಹಿಂದಿನ ರಾತ್ರಿಯೇ ತುಂಬಿತ್ತು, ರಾತ್ರಿ ತಂಗಲು ಬೇಕಾದ ಒಂದೇ ಬ್ಯಾಗ್ ಎಲ್ಲಕ್ಕಿಂತ ಮೇಲೆ. ಮಾತ್ರೆಗಳು ಮಾತ್ರ ನನ್ನ ಕೈಚೀಲದಲ್ಲಿ. ಸಕ್ಕರೆ ಕಾಯಿಲೆಯ ಅತ್ತೆಗೆ ದಾವಣಗೆರೆವರೆಗೆ ಕಾಯಲು ಆಗದು, ಅದಕ್ಕೇ ಶಿರಾ ಹತ್ತಿರ ಮನೆಯ ಇಡ್ಲಿ, ಚಟ್ನಿಪುಡಿ ತಿನ್ನಿಸಿದೆ.

ಮಗಳಿಗೆ ಡಾಕ್ಟರು ಹೇಳಿದ ಮಾತ್ರೆ ಹೊರಡುವ ಮೊದಲೇ ಕೊಟ್ಟಿದ್ದೆ, ಹಾಲು ಕೊಟ್ಟಿರಲಿಲ್ಲ. ಹಿಂದಿನ ಸೀಟಿನ ನಡುವೆ ಬೆಲ್ಟ್ ಹಾಕಿ ಕೂರಿಸಿದರೆ ಮುಂದಿನ ರಸ್ತೆ ಕಾಣುತ್ತದೆ. ಕಣ್ಣು ಮೊಬೈಲಿನಲ್ಲಿ ನೆಟ್ಟಿದ್ದು ಮೈ ಮಾತ್ರ ಓಲಾಡಿದರೆ ಹೊಟ್ಟೆ ತೊಳಸುತ್ತದೆ, ಹಾಗಾಗಿ ಮೊಬೈಲು ಯಾರಿಗೂ ಇಲ್ಲ. ಹಿರಿಯೂರು ದಾಟಿ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣತೊಡಗಿದ ಮೇಲೆ ಅದರ ನೆನಪೂ ಬರಲಿಲ್ಲ. ಎಣಿಸಿದ್ದೇ ಎಣಿಸಿದ್ದು, ಪ್ರತಿ ಸಲವೂ ಅಕ್ಕ ತಮ್ಮನ ಲೆಕ್ಕ ಬೇರೆ. ದುರ್ಗದ ಏಳುಸುತ್ತಿನ ಕೋಟೆ ಹತ್ತುವ ಆಸೆ ಇತ್ತು. ಮಂಡಿನೋವಿನವರನ್ನು ಕೆಳಗೆ ಕೂರಿಸಿ ನಾವು ಹತ್ತುವುದು ಸರಿ ಕಾಣಲಿಲ್ಲ, ಬಿಟ್ಟೆವು.

ದಾವಣಗೆರೆಯಲ್ಲಿ ಬೈಪಾಸ್ ಬಿಟ್ಟು ಊರೊಳಗೆ ಹೋದೆವು. ಹೆದ್ದಾರಿಗೆ ಈಗ 48 ಎಂಬ ನಂಬರು ಇದ್ದರೂ ಊರೊಳಗಿನ ಹಳೇ ರಸ್ತೆಗೆ ಇಂದಿಗೂ ಪಿ.ಬಿ. ರೋಡ್ ಅಂತಲೇ ಹೆಸರು, ಪೂನಾ-ಬೆಂಗಳೂರು ರಸ್ತೆ. ಹುಬ್ಬಳ್ಳಿಯಲ್ಲೂ ಅದೇ, ಬೆಳಗಾವಿಯಲ್ಲೂ ಅದೇ. ಬೆಣ್ಣೆದೋಸೆ ತಿಂದು ಹರಿಹರಕ್ಕೆ ಬಂದೆವು.

ಹರಿಹರೇಶ್ವರ ದೇವಸ್ಥಾನ ಇಂಥ ಪ್ರಯಾಣಕ್ಕೆ ಹೇಳಿ ಮಾಡಿಸಿದ ನಿಲುಗಡೆ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ ಪೋಲಾಳ್ವ ಎಂಬ ದಂಡನಾಯಕ ಕಟ್ಟಿಸಿದ್ದು. ಒಂದೇ ಮೂರ್ತಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ಸೋಮನಾಥನಿಗೂ ದ್ವಾರಕಾಧೀಶನಿಗೂ ಹೊರಟ ಅತ್ತೆಗೆ ಮೊದಲ ದಿನವೇ ಇಬ್ಬರೂ ಒಟ್ಟಿಗೆ ಸಿಕ್ಕರು. ತಣ್ಣನೆಯ ಕಲ್ಲಿನ ಮಂಟಪದಲ್ಲಿ ಕಾಲು ಚಾಚಿ ಕೂತರು, ಮಕ್ಕಳು ಕಂಬಗಳ ನಡುವೆ ಓಡಾಡಿದರು. ಅರ್ಧ ಗಂಟೆ ಅಂದುಕೊಂಡದ್ದು ಒಂದು ಗಂಟೆಯಾಯಿತು. ದೂರ ಕಡಿಮೆ ಇಟ್ಟುಕೊಂಡದ್ದರಿಂದ ಯಾರೂ ಗಡಿಯಾರ ನೋಡಲಿಲ್ಲ.

ತುಂಗಭದ್ರೆ ದಾಟಿ ರಾಣೆಬೆನ್ನೂರು, ಮೋಟೆಬೆನ್ನೂರು, ಹಾವೇರಿ. ಸ್ಟಿಯರಿಂಗ್ ಈಗ ನನ್ನ ಕೈಗೆ. ಹುಬ್ಬಳ್ಳಿಯ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. "ಇನ್ನೊಂದ್ ಬಿಸಿ ರೊಟ್ಟಿ ಹಾಕ್ಲೇನ್ರಿ ಅಮ್ಮಾರ?" ಅಂತ ಕೇಳಿದ್ದಕ್ಕೇ ಅತ್ತೆ ಒಂದು ರೊಟ್ಟಿ ಹೆಚ್ಚು ತಿಂದರು.

ಊಟವಾದ ಮೇಲೆ ಉಳಿದಿದ್ದು ಹುಬ್ಬಳ್ಳಿ-ಧಾರವಾಡ ಬೈಪಾಸ್ ಮಾತ್ರ. 2021ರ ಜನವರಿಯಲ್ಲಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನ ಟಿಪ್ಪರಿಗೆ ಡಿಕ್ಕಿಯಾಗಿ ಹಲವರು ತೀರಿಕೊಂಡದ್ದು ಇಲ್ಲೇ, ಇಟ್ಟಿಗಟ್ಟಿ ಹತ್ತಿರ. ಆ ಸುದ್ದಿ ಓದಿದಾಗಿನಿಂದ ಈ ದಾರಿಯಲ್ಲಿ ನನಗೆ ಓವರ್‌ಟೇಕ್ ಮಾಡಲು ಮನಸ್ಸೇ ಬರುವುದಿಲ್ಲ. ಲಾರಿಯ ಹಿಂದೆಯೇ ನಿಧಾನವಾಗಿ ಬಂದೆ.

ಮೂರೂವರೆಗೆ ಧಾರವಾಡ. ರೂಮು ನೆಲಮಹಡಿಯಲ್ಲೇ ಬೇಕೆಂದು ಮೊದಲೇ ಹೇಳಿಟ್ಟಿದ್ದೆವು. ಅತ್ತೆ ದಿಂಬಿನ ಮೇಲೆ ಕಾಲಿಟ್ಟು ಮಲಗಿದರು, ಇವರು ಟೈರಿನ ಗಾಳಿ ನೋಡಿಸಿ ಪೇಡೆ ತಂದರು. ಅತ್ತೆಗೆ ಅರ್ಧ ಪೇಡೆ. ಮರುದಿನದ ಗುರಿ ಪುಣೆ, ಅದೂ ಹೆಚ್ಚುಕಡಿಮೆ ಇಷ್ಟೇ ದೂರ. ಐದಕ್ಕೆ ಹೊರಡೋಣ ಎಂದೆ. "ನಾಲ್ಕೂವರೆಗೇ ಹೊರಡೋಣ, ಕೊಲ್ಲಾಪುರದಲ್ಲಿ ಮಹಾಲಕ್ಷ್ಮಿ ದರ್ಶನಕ್ಕೆ ಟೈಮು ಬೇಕು" ಅಂದವರು ಅತ್ತೆ.